ಬಿಗಿ ಪಿಸ್ಟನ್ನಿನ ಅಪವಾದ

ಅವರ ಎಡಗೈಯ ಹಿಂಭಾಗ ಮಣಿಕಟ್ಟಿನವರೆಗೆ ಬೂದಿ ಬಳಿದ ಹಾಗೆ ಬೆಳ್ಳಗಿತ್ತು. ಉಳಿದ ಮೈಯೆಲ್ಲ ಎರೆಮಣ್ಣಿನ ಬಣ್ಣ. ಅದೊಂದು ಕಡೆ ಮಾತ್ರ ಚರ್ಮ ಒಣಗಿ ಸಣ್ಣ ಬಿರುಕು ಬಿಟ್ಟಿತ್ತು. ಯಾವ ಗಾಡಿ ಬಂದರೂ ಟ್ಯಾಂಕಿನೊಳಗೆ ಕಡ್ಡಿ ಅದ್ದಿ, ಎರಡು ಹನಿ ಆ ಕೈಮೇಲೆ ಬಿಟ್ಟುಕೊಳ್ಳುತ್ತಿದ್ದರು. ಎಷ್ಟು ತಣ್ಣಗಾಗುತ್ತದೆ, ಎಷ್ಟು ಬೇಗ ಆರುತ್ತದೆ, ಆರಿದ ಮೇಲೆ ಎಷ್ಟು ಎಣ್ಣೆ ಉಳಿಯುತ್ತದೆ ಎಂದು ನೋಡಿ, ಮೂಸಿ, ಆಮೇಲೆ ತಲೆಯೆತ್ತುತ್ತಿದ್ದರು. ಗಾಡಿಗೆ ಏನಾಗಿದೆ ಎಂದು ಅವರು ಯಾರನ್ನೂ ಮೊದಲು ಕೇಳಿದವರಲ್ಲ. "ಏನು ಕುಡಿಸಿದಿ?" ಎಂಬುದೇ ಅವರ ಮೊದಲ ಪ್ರಶ್ನೆ.

ಸಿಂದಗಿಯಿಂದ ಆಲಮೇಲಕ್ಕೆ ಹೋಗುವ ರಸ್ತೆಯ ಪಕ್ಕ ಗಾಡಿ ರಿಪೇರಿಯ ಅವರದೊಂದು ತಗಡಿನ ಶೆಡ್ಡು, ಅದರ ಹಿಂದೆಯೇ ಮನೆ. ಎಲ್ಲರೂ ಮಿಸ್ತ್ರಿ ಎನ್ನುತ್ತಿದ್ದರು, ನಾನೂ ಹಾಗೆಯೇ ಕರೆದೆ. ನಾನು ಮ್ಯಾಟ್ರಿಕ್ ಮುಗಿಸಿ ಸಿಂದಗಿಯ ದನದ ದವಾಖಾನೆಯಲ್ಲಿ ಕಂಪೌಂಡರ್ ಆಗಿದ್ದವನು. ಭೀಮಾ ದಂಡೆಯ ಹಳ್ಳಿಗಳಿಗೆ ಔಷಧದ ಚೀಲ ಹೊತ್ತು ಹೋಗಬೇಕಿತ್ತು. ಆ ಕಾಲದಲ್ಲಿ ಅಲ್ಲಿಗೆಲ್ಲ ಇದ್ದದ್ದು ಹೊಲದ ನಡುವಿನ ಬಂಡಿದಾರಿ. ಅದಕ್ಕೆಂದೇ ಪೆಟ್ರೋಲಿಗೆ ಆಯಿಲ್ ಬೆರೆಸಿ ಓಡಿಸುವ ಒಂದು ಹಳೆಯ ಟೂ-ಸ್ಟ್ರೋಕ್ ಮೋಟಾರ್‌ಸೈಕಲ್ ಕೊಂಡಿದ್ದೆ.

ಎರೆಮಣ್ಣು ಮಳೆಗೆ ನೆನೆದರೆ ಗಾಲಿಗೂ ಮಡ್‌ಗಾರ್ಡಿಗೂ ನಡುವೆ ಮೆತ್ತಿಕೊಂಡು ಗಾಡಿ ಅಲ್ಲೇ ನಿಲ್ಲುತ್ತದೆ. ಮಿಸ್ತ್ರಿ ಮುಂದಿನ ಮಡ್‌ಗಾರ್ಡನ್ನು ಒಂದು ಗೇಣು ಮೇಲಕ್ಕೆತ್ತಿ ಕೂಡಿಸಿದರು. ಹಿಂದಿನ ಗಾಲಿಗೆ ಹಲ್ಲು ಹೆಚ್ಚಿರುವ ಚೈನಿನ ಚಕ್ರ ಹಾಕಿದರು. "ಓಟ ಕಡಿಮಿ ಆಗ್ತೈತಿ, ಖರೆ ಕೆಸರಾಗ ಎತ್ತಿನಂಗ ಎಳೀತೈತಿ" ಅಂದರು. ಟ್ಯಾಂಕಿಗೆ ಮೊದಲು ಅಳತೆಯ ಆಯಿಲ್, ಅದರ ಮೇಲೆ ಪೆಟ್ರೋಲ್, ಆಮೇಲೆ ಎರಡೂ ಕಾಲಿನ ನಡುವೆ ಗಾಡಿ ಹಿಡಿದು ಅಲ್ಲಾಡಿಸಬೇಕು. ಕಾರ್ಬುರೇಟರಿನ ತಳದ ಸ್ಕ್ರೂ ಬಿಚ್ಚಿ ಕಸ ಇಳಿಸುವುದನ್ನೂ ಅವರೇ ಕೈಹಿಡಿದು ಕಲಿಸಿದರು. ಹೊಸ ಮಾದರಿಯ ಗಾಡಿಗಳ ಮೇಲೆ ಅವರಿಗೆ ಮನಸ್ಸಿರಲಿಲ್ಲ. "ನಾಕ್ ಸ್ಟ್ರೋಕಿಂದು ಗುಮಾಸ್ತ ಇದ್ದಂಗ್ರಿ, ತನ್ನ ತಾಸಿಗೆ ತಾನ ಬರ್ತಾನ, ಹೋಗ್ತಾನ. ಇದು ಪೈಲ್ವಾನ. ಇದರ ಊಟ ನಾವ ನೋಡಬೇಕು."

ಪಿಸ್ಟನ್ ಕೂಡಿಸುವುದರಲ್ಲಿ ಅವರಂಥ ಕೈ ನಾಲ್ಕು ತಾಲೂಕಿನಲ್ಲಿ ಇರಲಿಲ್ಲ. ಅದನ್ನು ಬಿಗಿಯಾಗಿ ಕೂಡಿಸಿದರೆ, ಇಲ್ಲವೆ ಕೆಟ್ಟ ಎಣ್ಣೆಗೆ ಇಂಜಿನ್ ಅತಿಯಾಗಿ ಕಾದರೆ, ಪಿಸ್ಟನ್ ಉಬ್ಬಿ ಸಿಲಿಂಡರಿನೊಳಗೇ ಹಿಡಿದುಕೊಳ್ಳುತ್ತದೆ. ಇಂಡಿ, ಬಾಗೇವಾಡಿಯಿಂದ ಇಂಜಿನ್ ಗೋಣಿಚೀಲದಲ್ಲಿ ಕಟ್ಟಿಕೊಂಡು ಬಸ್ಸಿನಲ್ಲಿ ಬರುತ್ತಿದ್ದರು. ಆ ಕೈಯನ್ನು ಇಪ್ಪತ್ತೆಂಟು ವರ್ಷ ಸುಮ್ಮನೆ ಕೂಡಿಸಿದವನು ನಾನು. ಅದನ್ನು ಹೇಳಲಿಕ್ಕೇ ಇದನ್ನು ಬರೆಯುತ್ತಿದ್ದೇನೆ.

ಅವರು ನನ್ನ ಗಾಡಿಗೆ ಹೊಸ ಪಿಸ್ಟನ್ ಹಾಕಿಕೊಟ್ಟು ಒಂದು ವಾರವಾಗಿತ್ತು. ಪಂಪಿಗೆ ಟ್ಯಾಂಕರ್ ಬಂದಿರಲಿಲ್ಲ. ನದಿ ದಂಡೆಯ ಹಳ್ಳಿಯೊಂದರಿಂದ ಹೇಳಿಕಳಿಸಿದರು: ಎಮ್ಮೆ ಈಯಲಾಗದೆ ಒದ್ದಾಡುತ್ತಿದೆ, ಡಾಕ್ಟರು ಇನ್ನೊಂದು ಊರಿನಲ್ಲಿದ್ದಾರೆ, ನೀವಾದರೂ ಬನ್ನಿ. ನನ್ನ ಟ್ಯಾಂಕಿನ ತಳದಲ್ಲಿ ಬೆರಳು ಅದ್ದುವಷ್ಟು ಪೆಟ್ರೋಲಿತ್ತು. ದವಾಖಾನೆಯಲ್ಲಿ ಸಿರಿಂಜು ಕುದಿಸುವ ಸ್ಟೋವಿನ ಸೀಮೆಎಣ್ಣೆ ಡಬ್ಬಿ ಕಂಡಿತು. ಎರಡು ಲೀಟರ್ ಸುರಿದುಬಿಟ್ಟೆ. ಇಂಜಿನ್ ಬಿಸಿಯಾದರೆ ಅದರ ಮೇಲೂ ಓಡುತ್ತದೆ ಎಂದು ಯಾರೋ ಅಂದದ್ದು ತಲೆಯಲ್ಲಿತ್ತು.

ಓಡಿತು ಕೂಡ. ಬಿಳಿ ಹೊಗೆ ಬಿಡುತ್ತ, ಒಳಗೆ ಯಾರೋ ಸುತ್ತಿಗೆಯಿಂದ ಕುಟ್ಟಿದಂತೆ ಸಪ್ಪಳ ಮಾಡುತ್ತ ಆಲಮೇಲ ದಾಟಿತು. ಕೆಸರಿನ ದಾರಿಯಲ್ಲಿ ಮೊದಲ ಗೇರಿನಲ್ಲಿ ಏರುವಾಗ ಇಂಜಿನ್ ಒಮ್ಮೆಗೇ ಹಿಡಿದುಕೊಂಡಿತು. ಹಿಂದಿನ ಗಾಲಿ ತಿರುಗದೆ ಗಾಡಿ, ನಾನು, ಚೀಲ ಎಲ್ಲ ಮಣ್ಣಿಗೆ ಬಿದ್ದೆವು. ಉಳಿದ ದಾರಿ ನಡೆದೆ. ನಾನು ಮುಟ್ಟುವಷ್ಟರಲ್ಲಿ ಎಮ್ಮೆ ಸತ್ತಿತ್ತು, ಕರು ಕೂಡ.

ಎಮ್ಮೆಯ ಮಾಲೀಕರು ಮುಖಕ್ಕೆ ಮುಖ ಕೊಟ್ಟು ಕೇಳಿದರು: "ಮುಂಜಾನೆ ಹೇಳಿಕಳಿಸೇವಿ. ಈಗ ಬರ್ತೀರೇನ್ರಿ?"

"ಮಿಸ್ತ್ರಿ ಪಿಸ್ಟನ್ ಬಿಗಿ ಹಾಕಿದಾನ್ರಿ, ನಡುದಾರ್ಯಾಗ ಹಿಡೀತು" ಎಂದೆ. ಬಾಯಿಗೆ ಬಂದ ಮೊದಲ ಮಾತು ಅದು. ದವಾಖಾನೆಯ ಸೀಮೆಎಣ್ಣೆ ಸುರಿದದ್ದು ಸಾಹೇಬರಿಗೆ ತಿಳಿದರೆ ನೌಕರಿ ಹೋದೀತೆಂಬ ಅಂಜಿಕೆ.

ಆಡಿದ ಮಾತನ್ನು ಅಲ್ಲಿಗೇ ಬಿಟ್ಟಿದ್ದರೂ ಇಷ್ಟಾಗುತ್ತಿರಲಿಲ್ಲ. ಪಂಪಿಗೆ ಪೆಟ್ರೋಲ್ ಬಂದ ದಿನ ಗಾಡಿ ನಿಂತಲ್ಲಿಗೇ ಬಾಟಲಿಯಲ್ಲಿ ಒಯ್ದೆ, ಟ್ಯಾಂಕಿನ ಸೀಮೆಎಣ್ಣೆಯನ್ನು ಬದುವಿಗೆ ಚೆಲ್ಲಿದೆ. ಕಾರ್ಬುರೇಟರಿನ ತಳದ ಸ್ಕ್ರೂ ಬಿಚ್ಚಿ ಅಲ್ಲಿದ್ದದ್ದನ್ನೂ ಇಳಿಸಿದೆ. ಅವರು ಕಲಿಸಿದ ಕೆಲಸವನ್ನು ಅವರ ಕಣ್ಣಿಗೆ ಮಣ್ಣೆರಚಲು ಬಳಸಿದೆ. ಆಯಿಲ್, ಪೆಟ್ರೋಲ್ ಅಳತೆಯಂತೆ ಹಾಕಿ, ಗಾಡಿಯನ್ನು ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಸಿಂದಗಿಗೆ ಬಂದೆ.

"ಏನು ಕುಡಿಸಿದ್ರಿ, ಕಂಪೌಂಡರ್ ಸಾಹೇಬ್ರ?"

"ನೀವು ಹೇಳಿದ್ದ ಹಾಕೇನ್ರಿ."

ಕೈಮೇಲೆ ಹನಿ ಬಿಟ್ಟುಕೊಂಡರು. ನೋಡಿದರು, ಮೂಸಿದರು. ಶುದ್ಧವಾಗಿತ್ತು. ಇಂಜಿನ್ ಬಿಚ್ಚಿ ಪಿಸ್ಟನ್ನಿನ ಮೈಮೇಲಿನ ಗೀರುಗಳನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ಕೂತರು. "ಹಂಗಾದ್ರ ನಂದ ತಪ್ಪು" ಎಂದರು.

ಮುಂದಿನ ಸಂತೆಗೆ ಎಮ್ಮೆಯ ಮಾಲೀಕರು ಬಂದು, ನೆರೆದ ಜನರೆದುರು ಅವರನ್ನು ಬಾಯಿಗೆ ಬಂದಂತೆ ಬೈದರು. ಮಿಸ್ತ್ರಿ ಎದ್ದು ನಿಂತು ಕೇಳಿಸಿಕೊಂಡರು. ನಾನು ಎದುರಿನ ಚಹಾದ ಅಂಗಡಿಯಲ್ಲಿದ್ದೆ. ಏಳಲಿಲ್ಲ.

ಅಂದಿನಿಂದ ಅವರು ಇಂಜಿನ್ ಮುಟ್ಟಲಿಲ್ಲ. ಕ್ಲಚ್ಚು, ಕೇಬಲ್ಲು, ಕಾರ್ಬುರೇಟರು ಅಷ್ಟೇ. ಪಿಸ್ಟನ್ ಕೆಲಸ ಬಂದರೆ "ವಿಜಯಪುರಕ್ಕ ಒಯ್ರಿ" ಅನ್ನುತ್ತಿದ್ದರು. ನನ್ನ ಗಾಡಿಯನ್ನೂ ಅಲ್ಲಿಯೇ ಸರಿಮಾಡಿಸಿದೆ. ನಾನು ಮಾತ್ರ ಅವರ ಶೆಡ್ಡಿಗೆ ಹೋಗುವುದನ್ನು ಬಿಡಲಿಲ್ಲ. ಹೋಗದಿದ್ದರೆ ಸಂಶಯ ಬಂದೀತೆಂದು ಮೊದಮೊದಲು ಹೋಗುತ್ತಿದ್ದೆ. ಆಮೇಲೆ ರೂಢಿಯಾಯಿತು. ನಿವೃತ್ತನಾದ ಮೇಲೆ ದಿನವೂ ಅಲ್ಲೇ ಚಹಾ.

ಎರಡು ವರ್ಷದ ಹಿಂದೆ ನನ್ನ ಗಾಡಿ ಓಡುತ್ತಲೇ ಬಿಕ್ಕಿ ಬಿಕ್ಕಿ ಮಿಸ್ ಹೊಡೆಯತೊಡಗಿತು. ಮಿಸ್ತ್ರಿ ಕೈಮೇಲಿನ ಹನಿ ನೋಡಿ ನಕ್ಕರು. "ಈಗಿನ ಪೆಟ್ರೋಲಿನ್ಯಾಗ ಕಬ್ಬಿನ ಸ್ಪಿರಿಟ್ ಕೂಡಸ್ತಾರ್ರಿ. ಆಲಮೇಲದ ಕಬ್ಬ ತಿರುಗಿ ಪಂಪಿಗೆ ಬಂದೈತಿ. ಹಳಿ ಮುದುಕಗ ಸೆರೆ ಕುಡಿಸಿದ್ರ ಕಾಲ ಸೊಟ್ಟ ಬೀಳಂಗಿಲ್ಲೇನು?" ಹಳೆಯ ರಬ್ಬರ್ ಪೈಪು ಮೆತ್ತಗಾಗಿ ಉಬ್ಬಿತ್ತು, ಬದಲಿಸಿದರು. ಕಾರ್ಬುರೇಟರಿಗೆ ಪೆಟ್ರೋಲ್ ಹೆಚ್ಚು ಬಿಡುವ, ಒಂದು ಅಳತೆ ದೊಡ್ಡ ಜೆಟ್ ಹಾಕಿದರು. ತಿಂಗಳುಗಟ್ಟಲೆ ಟ್ಯಾಂಕಿನಲ್ಲಿ ಪೆಟ್ರೋಲ್ ನಿಲ್ಲಿಸಬೇಡಿ, ಸ್ಪಿರಿಟ್ ನೀರು ಹೀರಿ ತಳಕ್ಕೆ ಕೂರುತ್ತದೆ ಎಂದರು.

ಆಗ ಬಂದರು ಮುದ್ದೇಬಿಹಾಳದ ಶಾಲೆಯ ಮಾಸ್ತರರೊಬ್ಬರು. ಅವರದೂ ಅಂಥದೇ ಹಳೆಯ ಗಾಡಿ, ರಜೆಯಲ್ಲಿ ಕಲ್ಲುಗುಡ್ಡದ ದಾರಿಗಳಲ್ಲಿ ಓಡಿಸುವ ಹುಚ್ಚು. ಹೊಸ ಪಿಸ್ಟನ್ ಕೈಯಲ್ಲೇ ಇತ್ತು. "ನೀವ ಕೂಡಸಬೇಕ್ರಿ ಮಿಸ್ತ್ರಿ, ನಿಮ್ಮ ಹೆಸರ ಕೇಳಿ ಬಂದೇನಿ."

ಮಿಸ್ತ್ರಿ ತಲೆಯಾಡಿಸಿದರು. "ಬ್ಯಾಡ್ರಿ ಮಾಸ್ತರ್ರ. ನನ್ನ ಕೈ ಬಿಗಿ ಐತಿ. ಒಬ್ಬರ ಎಮ್ಮಿ ಸತ್ತೈತಿ ಅದರಿಂದ. ಬಾಯಿಲ್ಲದ ಜೀವ."

ಯಾರ ಗಾಡಿ ಎಂದು ಹೇಳಲಿಲ್ಲ. ನನ್ನ ಕಡೆ ನೋಡಲೂ ಇಲ್ಲ, ನನಗೆ ನಾಚಿಕೆಯಾದೀತೆಂದು. ಚಹಾದ ಕಪ್ಪು ಕೆಳಗಿಟ್ಟೆ.

"ಮಿಸ್ತ್ರಿ, ಅವತ್ತ ನಾನು ಚಿಮಣಿ ಎಣ್ಣಿ ಹಾಕಿದ್ದೆ" ಎಂದೆ. ಎಲ್ಲವನ್ನೂ ಹೇಳಿದೆ. ಉಳಿದ ಸೀಮೆಎಣ್ಣೆಯನ್ನು ಬದುವಿಗೆ ಚೆಲ್ಲಿದ್ದು, ಸ್ಕ್ರೂ ಬಿಚ್ಚಿದ್ದು, ಎಲ್ಲ.

ಅವರು ರೋಗಿಯನ್ನು ಕೇಳುವ ಡಾಕ್ಟರರ ಹಾಗೆ ಕೇಳಿದರು. "ಎಷ್ಟು ಹಾಕಿದ್ರಿ?"

"ಎರಡು ಲೀಟರ್."

"ಒಳಗ ಟಕಟಕ ಅಂತಿತ್ತ?"

"ಅಂತಿತ್ರಿ."

"ಏರಿನ್ಯಾಗ ಹಿಡೀತು?"

"ಹೌದ್ರಿ."

ಅವರು ಮನೆಯ ಕಡೆ ತಿರುಗಿ ಕೂಗಿದರು: "ಏ, ಹೊರಗ ಬಾ ಇಲ್ಲೆ! ನಾ ಬಿಗಿ ಹಾಕಿರಲಿಲ್ಲಂತ! ಕೇಳಿದೇನ? ನಾ ಹಾಕಿರಲಿಲ್ಲಂತ!"

ಅವರ ಹೆಂಡತಿ, ನಾನು ವೈನಿ ಎಂದು ಕರೆಯುವವರು, ಹಿಟ್ಟಿನ ಕೈಯಲ್ಲೇ ಬಂದರು. ಸಂಗತಿ ತಿಳಿದು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಇಪ್ಪತ್ತೆಂಟು ವರ್ಷ ನನ್ನ ಕೈಲೆ ಚಾ ಕುಡದೀರಿ. ಒಂದಿನಾನೂ ಗಂಟಲದಾಗ ಸಿಕ್ಕಲಿಲ್ಲೇನ್ರಿ? ಈ ಮನಷ್ಯಾ ಉಣ್ಣಾಕ ಕುಂತ್ರೂ ತನ್ನ ಕೈ ನೋಡ್ಕೋತ ಕುಂದರ್ತಿದ್ದ."

ಮಿಸ್ತ್ರಿ ನನಗೆ ಹೇಳಿದ್ದು ಒಂದೇ ಮಾತು: "ಅವತ್ತ ಹೇಳಿದ್ರ ಒಂದಿನ ಬೈತಿದ್ದೆ, ಸಾಹೇಬ್ರ. ಅಷ್ಟ ಆಗ್ತಿತ್ತು." ಆಮೇಲೆ ಮಾಸ್ತರರ ಕೈಯಿಂದ ಪಿಸ್ಟನ್ ತೆಗೆದುಕೊಂಡರು.

ಮೂರು ದಿನ ಕೆಲಸ ಮಾಡಿದರು. ಮೊದಲ ದಿನ ಒಂದೊಂದು ಅಳತೆಯನ್ನೂ ನಾಲ್ಕು ಸಲ ನೋಡಿದರು, ಮೂರನೆಯ ದಿನ ಒಂದೇ ಸಲ. ಕಳಿಸುವಾಗ ಮಾಸ್ತರರಿಗೆ ಬಗೆಬಗೆಯಾಗಿ ಹೇಳಿದರು: ನಲವತ್ತರ ಸ್ಪೀಡಿನ ಮೇಲೆ ಹೋಗಬೇಡಿ, ಬಾಗೇವಾಡಿಯಲ್ಲಿ ನಿಂತು ಇಂಜಿನ್ ಆರಿಸಿ ಫೋನ್ ಮಾಡಿ. ಮಾಸ್ತರರು ಹೋದ ಮೇಲೆ ಫೋನನ್ನು ಸ್ಟೂಲಿನ ಮೇಲಿಟ್ಟು ಕೂತರು. ಬಾಗೇವಾಡಿ ಮುಟ್ಟುವ ಹೊತ್ತು ಮೀರಿತು. ಇನ್ನೂ ಒಂದು ತಾಸು ಹೋಯಿತು. "ಹಿಡೀತೇನೋ" ಎಂದು ಮೆಲ್ಲಗೆ ಅಂದರು. ನಾನು ಅವರ ಮುಖ ನೋಡಲಾರದೆ ರಸ್ತೆ ನೋಡುತ್ತಿದ್ದೆ.

ಕಡೆಗೂ ಫೋನ್ ಬಂತು. "ಮಿಸ್ತ್ರಿ, ಮುದ್ದೇಬಿಹಾಳ ಮುಟ್ಟೇನ್ರಿ. ಗಾಡಿ ಎಷ್ಟು ಹಗೂರ ಹೊಂಟಿತ್ತಂದ್ರ, ನಡುವ ನಿಲ್ಲಸೂದ ಮರತೆ."

"ನಿಲ್ಲಸ್ರಿ ಅಂದ್ರ ನಿಲ್ಲಸಾಕ ಏನಾಗಿತ್ರಿ ನಿಮಗ? ಮಾಸ್ತರ ಆಗಿ ಹೇಳಿದ್ದ ಕೇಳಂಗಿಲ್ಲಂದ್ರ!" ಎಂದು ಗದರಿಸಿದವರು ಫೋನ್ ಇಡುವ ಮೊದಲೇ ನಗತೊಡಗಿದರು. ನಗುತ್ತ ನಗುತ್ತ ಕಣ್ಣೊರೆಸಿಕೊಂಡರು.

ಆ ವಾರವೇ ನದಿ ದಂಡೆಯ ಹಳ್ಳಿಗೆ ಹೋಗಿ ಎಮ್ಮೆಯ ಮಾಲೀಕರಿಗೂ ಹೇಳಿದೆ. ಅವರೂ ನನ್ನಂತೆ ಮುದುಕರಾಗಿದ್ದರು. "ಎಮ್ಮಿ ಹೋಗ್ಲಿ ಬಿಡ್ರಿ. ಆ ಮನಷ್ಯಾಗ ಸಂತ್ಯಾಗ ಬೈದೇನಲ್ಲ, ಅದಕ್ಕೇನ್ ಮಾಡೂಣು?" ಎಂದರು. ಮುಂದಿನ ಸಂತೆಗೆ ಮಗನ ಬೈಕಿನ ಹಿಂದೆ ಕೂತು ಬಂದರು. ಶೆಡ್ಡಿನೆದುರು ನಿಂತು, ಅಂದು ಎಷ್ಟು ಜೋರಾಗಿ ಬೈದಿದ್ದರೋ ಅಷ್ಟೇ ಜೋರಾಗಿ ಕೂಗಿದರು: "ಕೇಳ್ರೆಪಾ, ಮಿಸ್ತ್ರಿದು ತಪ್ಪಿರಲಿಲ್ಲ! ತಪ್ಪು ಈ ಕಂಪೌಂಡರಂದು!" ಜನ ನನ್ನ ಕಡೆ ತಿರುಗಿದರು. ಈ ಸಲ ನಾನು ಎದ್ದು ನಿಂತಿದ್ದೆ.

ಮಿಸ್ತ್ರಿ ಹೋದ ಬೇಸಿಗೆಯಲ್ಲಿ ತೀರಿಕೊಂಡರು, ಮಧ್ಯಾಹ್ನ ಊಟವಾದ ಮೇಲೆ, ಮಲಗಿದಲ್ಲೇ. ಕೊನೆಯ ಆ ಒಂದೂವರೆ ವರ್ಷ ಅವರ ಶೆಡ್ಡಿಗೆ ಇಂಜಿನ್‌ಗಳು ಮತ್ತೆ ಗೋಣಿಚೀಲದಲ್ಲಿ ಬಂದವು. ಒಂದೂ ಹಿಡಿಯಲಿಲ್ಲ. ವೈನಿ ಈಗಲೂ ನನ್ನ ಜೊತೆ ಸರಿಯಾಗಿ ಮಾತಾಡುವುದಿಲ್ಲ, ಅದು ನ್ಯಾಯವೇ. ಆದರೂ ಮಣ್ಣು ಕೊಡುವ ದಿನ ಅವರೇ ನನ್ನನ್ನು ಕರೆದು ಅಂದರು: "ನೀವೂ ಹೆಗಲ ಕೊಡ್ರಿ."