ಅಕ್ಕ ತೆಗೆದ ಬೀಗಗಳು

ನಮ್ಮಕ್ಕನಿಗೆ ಕೋಪ ಮೂಗಿನ ತುದಿಯಲ್ಲೇ. ಆದರೆ ಅದು ಬರುವುದು ತಿಳಿಯದವರ ಮೇಲಲ್ಲ, ತಿಳಿದೂ ಹೇಳದವರ ಮೇಲೆ.

ಅವಳದು ವಾಷಿಂಗ್ ಮೆಷಿನ್ ರಿಪೇರಿ ಅಂಗಡಿ. ನಾನು ಅಲ್ಲಿ ಮೆಷಿನ್ ಎತ್ತುವವನು, ಇಳಿಸುವವನು, ಬಿಲ್ ಬರೆಯುವವನು. ಬಂದ ಗಿರಾಕಿಗಳು ನನ್ನ ಮುಖ ನೋಡಿ ಮೆಷಿನ್ನಿನ ಕಾಯಿಲೆ ಹೇಳುತ್ತಾರೆ, ಮೋಟರ್ ಬಿಚ್ಚಿಕೊಂಡು ಕೂತ ಅಕ್ಕನನ್ನು "ಮೆಕ್ಯಾನಿಕ್ ಯಾವಾಗ ಬರ್ತಾರಮ್ಮಾ?" ಎಂದು ಕೇಳುತ್ತಾರೆ. ಅವಳನ್ನು "ಮೇಡಂ, ಸ್ವಲ್ಪ ಹೇಳಿಕೊಡಿ" ಎಂದು ಕೇಳುವ ಜಾಗ ಒಂದೇ ಇತ್ತು, ರಿಪೇರಿಯವರ ಆನ್‌ಲೈನ್ ಗುಂಪು. ಅಲ್ಲಿ ಅವಳು ಅಡ್ಮಿನ್. ಹೆಸರಿನ ಪಕ್ಕದ ಆ ಪುಟ್ಟ ಪಟ್ಟದ ಮೇಲೆ ಅವಳಿಗೆ ಆಸೆಯಿತ್ತು, ಸುಳ್ಳೇಕೆ?

ಗುಂಪಿನ ಮುಖ್ಯ ಅಡ್ಮಿನ್‌ಗೆ ನಾವು ಮನೆಯಲ್ಲಿ ಇಟ್ಟ ಹೆಸರು ಹೆಡ್‌ಮಾಸ್ತರು. ಹೊಸಬರು ಯಾರಾದರೂ ಹಿಂದೆ ಬಂದ ಪ್ರಶ್ನೆಯನ್ನೇ ಕೇಳಿದರೆ "ಹುಡುಕಿ ನೋಡಿ" ಎಂದು ಬರೆದು, ಮತ್ಯಾರೂ ಉತ್ತರಿಸದಂತೆ ಪ್ರಶ್ನೆಗೆ ಬೀಗ ಹಾಕುವುದು ಅವರ ಪದ್ಧತಿ. ತಾವು ಹತ್ತಿದ ಏಣಿ ಒದೆಯುವುದನ್ನೇ ಶಿಸ್ತು ಅನ್ನುವ ಜನ.

ಒಂದು ಮಧ್ಯಾಹ್ನ ಹೊಸಬನೊಬ್ಬ ಬರೆದ: "ನೀರು ಹೊರಗೆ ಹೋಗ್ತಿಲ್ಲ. ನನ್ನ ಮೊದಲ ಕೆಲಸ ಇದು. ಮನೆಯವರು ಎದುರಿಗೇ ನಿಂತಿದ್ದಾರೆ." ಹೆಡ್‌ಮಾಸ್ತರು ಬೀಗ ಜಡಿದರು. ಅಕ್ಕ ಕೈ ಒರೆಸಿಕೊಂಡು ಬಂದು ಬೀಗ ತೆಗೆದಳು. "ಗಾಬರಿ ಬೇಡ. ಮೊದಲು ಪ್ಲಗ್ ಕೀಳಿ. ಕೆಳಗೆ ಚಿಕ್ಕ ಮುಚ್ಚಳ ಇದೆ, ಒಳಗೆ ಫಿಲ್ಟರ್. ತಟ್ಟೆ ಇಟ್ಟು ನಿಧಾನ ತಿರುಗಿಸಿ" ಎಂದು ಬರೆದಳು.

ಕೂಡಲೇ ಹೆಡ್‌ಮಾಸ್ತರ ಫೋನ್ ಬಂತು. ನನಗೂ ಕೇಳಲಿ ಎಂದು ಅಕ್ಕ ಸ್ಪೀಕರ್‌ಗೆ ಹಾಕಿದಳು.

"ಮೇಡಂ, ಹೀಗೆ ತುತ್ತು ಮಾಡಿ ಬಾಯಿಗಿಟ್ರೆ ಅವರು ಕಲಿಯೋದು ಯಾವಾಗ?"

"ನೀವೇ ಒಂದ್ಸಲ ಹುಡುಕಿ ನೋಡಿ ಸಾರ್. 'ನೀರು ಹೋಗ್ತಿಲ್ಲ' ಅಂತ ಹಾಕಿ. ಫೋನ್ ಇಡಬೇಡಿ, ಕಾಯ್ತೀನಿ."

ಆ ಕಡೆ ಕೀಬೋರ್ಡ್ ಸದ್ದು. ನಾನೂ ನಮ್ಮ ಕಂಪ್ಯೂಟರಿನಲ್ಲಿ ಹುಡುಕಿದೆ. ಸಿಕ್ಕಿದ್ದು ಸಾಲುಸಾಲು ಪ್ರಶ್ನೆ. ಪ್ರತಿಯೊಂದರ ಕೆಳಗೂ "ಹುಡುಕಿ ನೋಡಿ", ಮೇಲೊಂದು ಬೀಗ. ಉತ್ತರ ಒಂದರಲ್ಲೂ ಇರಲಿಲ್ಲ. ನನಗೆ ನಗು ತಡೆಯಲಾಗಲಿಲ್ಲ.

"ಏನೇ ಇರ್ಲಿ, ನಿಯಮ ನಿಯಮಾನೇ," ಎಂದರು ಹೆಡ್‌ಮಾಸ್ತರು. "ಸಂಜೆಯೊಳಗೆ ಆ ಪ್ರಶ್ನೆಗೆ ನೀವೇ ಮತ್ತೆ ಬೀಗ ಹಾಕಿ. ಇಲ್ಲಾಂದ್ರೆ ಅಡ್ಮಿನ್ ಪಟ್ಟ ಇರಲ್ಲ."

ಅಕ್ಕನ ಮುಖ ಸಪ್ಪಗಾಯಿತು. "ಒಂದು ಬೀಗ ತಾನೆ ಅಕ್ಕಾ, ಹಾಕ್ಬಿಡು" ಎಂದೆ. ಅವಳು ನೋಡಿದ ನೋಟಕ್ಕೆ ನಾನು ಬಾಗಿಲ ಕಡೆ ಸರಿದೆ.

"ಹುಟ್ಟುತ್ಲೇ ಯಾವನಪ್ಪ ಸ್ಪ್ಯಾನರ್ ಹಿಡ್ಕೊಂಡು ಬಂದ?" ಎಂದು ಗೊಣಗುತ್ತ ಕಂಪ್ಯೂಟರಿನ ಮುಂದೆ ಕೂತಳು. ಪಟ್ಟ ಇರುವಷ್ಟು ಹೊತ್ತು ಅದರ ಕೆಲಸ ಮಾಡಿಯೇ ತೀರುವವಳಂತೆ, ಹಳೆಯ ಪ್ರಶ್ನೆಗಳ ಬೀಗವನ್ನೂ ಒಂದೊಂದಾಗಿ ತೆಗೆದು ಉತ್ತರ ಬರೆಯುತ್ತ ಹೋದಳು. ಅಂಗಡಿಗೆ ಬಂದವರನ್ನು "ಮೆಕ್ಯಾನಿಕ್‌ಗೆ ಪುರುಸೊತ್ತಿಲ್ಲ" ಎಂದು ನಾನು ಹೊರಗೇ ನಿಲ್ಲಿಸಿದೆ. ನನಗೆ ಹೆಮ್ಮೆಯಾಗಿತ್ತು.

ಸಂಜೆ ಒಂದು ಬೀಗ ಎಷ್ಟು ಒತ್ತಿದರೂ ತೆರೆಯಲಿಲ್ಲ. ಹೆಸರಿನ ಪಕ್ಕ ನೋಡಿದರೆ ಪಟ್ಟ ಮಾಯ. ಅಕ್ಕನ ಕಣ್ಣು ತುಂಬಿತು. ತೋಳಿನಿಂದ ಒರೆಸಿಕೊಂಡು, "ಪಟ್ಟ ತಾನೆ ಹೋಗಿದ್ದು? ಬಾಯಿ ಇದೆಯಲ್ಲ" ಎಂದಳು.

ಮಧ್ಯಾಹ್ನದ ಹೊಸಬ, ಇನ್ನೂ ತೆರೆದೇ ಇದ್ದ ತನ್ನ ಪ್ರಶ್ನೆಯ ಕೆಳಗೆ ಬರೆದಿದ್ದ: "ಫಿಲ್ಟರ್‌ನಲ್ಲಿ ಮಗುವಿನ ಕಾಲುಚೀಲ ಸಿಕ್ತು. ನೀರು ಹೋಯ್ತು ಮೇಡಂ! ಈಗ ಬಾಗಿಲ ಹತ್ತಿರ ಸೋರ್ತಿದೆ. ಇದನ್ನೂ ಕೇಳಬಹುದಾ, ಇಲ್ಲ ಬೈತಾರಾ?"

ಹೆಡ್‌ಮಾಸ್ತರಿಗೂ ಕಾಣುವಂತೆ ಅಕ್ಕ ಅಲ್ಲೇ ಬರೆದಳು: "ಕೇಳಿ. ಬೈದ್ರೆ ಇಬ್ಬರೂ ಒಟ್ಟಿಗೇ ಬೈಸಿಕೊಳ್ಳೋಣ. ಬಾಗಿಲಿನ ರಬ್ಬರ್ ಮೇಲೆ ಬೆರಳಾಡಿಸಿ ನೋಡಿ, ಎಲ್ಲಾದ್ರೂ ಹರಿದಿದೆಯಾ?"