ಎಡಗಡೆಯ ಮುಂದಿನ ಚಕ್ರ

ಭಾನುವಾರ ಬಂತೆಂದರೆ ಸುಶೀಲಮ್ಮನವರ ಬಲಗೈ ಹೆಬ್ಬೆರಳು ಕಪ್ಪಾಗುತ್ತಿತ್ತು. ಸೋಪಿಗೂ ನಿಂಬೆಹೋಳಿಗೂ ಜಗ್ಗದ ಕಪ್ಪು. ಅದೇ ಕೈಯಲ್ಲಿ ನನಗೆ ಉಪ್ಪಿಟ್ಟು ಬಡಿಸುತ್ತ, "ಕೊಳೆ ಅಲ್ಲ ಕಣೋ, ಅಲ್ಯುಮಿನಿಯಂ. ತಿನ್ನು ಸುಮ್ನೆ," ಎನ್ನುತ್ತಿದ್ದರು.

ದೆಹಲಿಯ ಪೀತಮ್‌ಪುರದ ಅವರ ಮನೆಯ ಮೇಲಿನ ಕೋಣೆಯಲ್ಲಿ ನಾನು ಬಾಡಿಗೆಗಿದ್ದೆ. ಯಜಮಾನರು ವಾಸುದೇವರಾಯರು ಕೇಂದ್ರ ಸರ್ಕಾರದ ನೌಕರಿಯಿಂದ ನಿವೃತ್ತರಾದವರು. ತಮ್ಮ ಕಾರಿನ ಅಲಾಯ್ ಚಕ್ರಗಳ ಲೇಪ ಸಿಪ್ಪೆ ಏಳತೊಡಗಿದಾಗ ಮತ್ತೆ ಬಣ್ಣ ಹೊಡೆಸದೆ, ಪೂರ್ತಿ ಸುಲಿಸಿ ಬರೀ ಅಲ್ಯುಮಿನಿಯಂ ಉಳಿಸಿಕೊಂಡಿದ್ದರು. ಕನ್ನಡಿಯಂತೆ ಹೊಳೆಯಲಿ ಎಂಬ ಆಸೆ ಅವರದು, ದೆಹಲಿಯ ಧೂಳಿಗೆ ವಾರದೊಳಗೇ ಮಂಕಾಗುವ ಆ ಹೊಳಪನ್ನು ಕಾಯುವ ಕರ್ಮ ಹೆಂಡತಿಯದು.

ಬೇರೆ ಯಾರೂ ಮುಟ್ಟುವಂತಿರಲಿಲ್ಲ. ಬೆಳಿಗ್ಗೆ ಕಾರು ಒರೆಸಲು ಬರುವವನು ಚಕ್ರದತ್ತ ಬಟ್ಟೆ ಚಾಚಿದರೆ ಅಡುಗೆಮನೆಯ ಕಿಟಕಿಯಿಂದಲೇ "ಭಯ್ಯಾ, ಪಹಿಯಾ ಛೋಡೋ!" ಎಂಬ ಗುಡುಗು. ಒಮ್ಮೆ ಉಪಕಾರ ಮಾಡಲು ಹೋಗಿ ಬಕೆಟ್ಟಿಗೆ ವಾಷಿಂಗ್ ಸೋಡಾ ಸುರಿದೆ. ಬಕೆಟ್ಟನ್ನೇ ಒದ್ದುಬಿಟ್ಟರು.

"ಸೋಡಾ ತಾಗಿದ್ರೆ ಕಪ್ಪಾಗುತ್ತೆ. ನಿಮ್ಮಮ್ಮನ ಇಡ್ಲಿ ಪಾತ್ರೆಗೆ ಹಾಕಿ ನೋಡು, ಮನೆಗೆ ಸೇರಿಸ್ತಾರಾ ಅಂತ!"

ಕಾರು ತಣ್ಣಗಾಗಬೇಕು. ಮೆದು ಬ್ರಷ್ಷಿನಿಂದ ಸೋಪುನೀರು ಹಚ್ಚಿ ತೊಳೆಯಬೇಕು. ಆಮೇಲೆ ಹಳೆಯ ಸೀರೆಯ ತುಂಡಿಗೆ ಪಾಲಿಶ್ ಹಚ್ಚಿ ಉದ್ದಕ್ಕೇ ಉಜ್ಜಬೇಕು, ದುಂಡಗೆ ಉಜ್ಜಿದರೆ ಬಿಸಿಲಲ್ಲಿ ಗುರುತು ಕಾಣುತ್ತದೆ. ಕೊನೆಗೆ ಹೆಬ್ಬೆರಳಿನಿಂದ ಚಕ್ರದ ಅಂಚನ್ನೆಲ್ಲ ಸವರಿ ನೋಡಿ ಏಳುತ್ತಿದ್ದರು.

"ದೇವರ ದೀಪಾನೂ ಇಷ್ಟು ಉಜ್ಜಲ್ಲ ನೀವು," ಎಂದು ಛೇಡಿಸಿದೆ.

"ದೀಪ ರಸ್ತೆಗೆ ಇಳಿಯಲ್ವಲ್ಲೋ," ಎಂದರು. ಆಗ ನನಗೆ ಅರ್ಥವಾಗಲಿಲ್ಲ.

ಮಧ್ಯಾಹ್ನ ಮೊಮ್ಮಗಳು ಅನ್ವಿಯನ್ನು ಶಾಲೆಯಿಂದ ಕರೆತರುವುದು ರಾಯರ ಕೆಲಸ. ರಜೆಯಿದ್ದ ಒಂದು ದಿನ ನಾನೂ ಜೊತೆಗೆ ಹೋದೆ. ಬರುವಾಗ ತಿರುವಿನಲ್ಲಿ ಎಡಗಡೆಯಿಂದ ಕರ್ರೆಂದು ಸದ್ದಾಯಿತು. ಕಾರು ಫುಟ್‌ಪಾತಿನ ಕಲ್ಲಿಗೆ ಉಜ್ಜಿಕೊಂಡೇ ಸಾಗಿತು. ಅಂಚಿನಲ್ಲಿದ್ದ ರಿಕ್ಷಾದವನು ಹಾರಿ ಪಕ್ಕಕ್ಕೆ ಸರಿದು ಬೈದ. ಆ ಬೈಗುಳ ರಾಯರಿಗೆ ಕೇಳಿಸಿತು, ಆದರೆ ಅವನು ಕಂಡೇ ಇರಲಿಲ್ಲ. ಹಿಂದಿನ ಸೀಟಿನಲ್ಲಿ ಅನ್ವಿ ಕಿಲಕಿಲ ನಕ್ಕಳು.

"ತಾತಾ, ಫಿರ್ ಸೇ ಠುಕ್ ಗಯೀ!"

"ರಸ್ತೆ ಸರಿಯಿಲ್ಲ ಪುಟ್ಟಿ," ಎಂದರು ರಾಯರು.

'ಫಿರ್ ಸೇ', ಮತ್ತೆ ಗುದ್ದಿತು ಎಂದರೆ ಇದು ಮೊದಲ ಸಲವಲ್ಲ. ಮನೆಗೆ ಬಂದವನೇ ಅಡುಗೆಮನೆಗೆ ನುಗ್ಗಿ ಸುಶೀಲಮ್ಮನಿಗೆ ಹೇಳಿದೆ. ಅವರು ಒಲೆ ಆರಿಸಿದರು.

"ಗೊತ್ತು. ಅದಕ್ಕೇ ವಾರವಾರ ಉಜ್ಜೋದು. ಹಳೇ ಗೀರು ಹೋದ್ರೆ ತಾನೇ ಹೊಸದು ಕಾಣೋದು?"

"ಗೊತ್ತಿದ್ದೂ ಮಗೂನ ಕೂರಿಸಿ ಕಳಿಸ್ತೀರಾ?" ನನಗೆ ನಿಜಕ್ಕೂ ಸಿಟ್ಟು ಬಂದಿತ್ತು.

"ಕೀ ಕಿತ್ಕೊಂಡ್ರೆ ಆ ಮನುಷ್ಯ ಮಂಚ ಹಿಡೀತಾರೆ ಕಣೋ. ಕಣ್ಣು ಟೆಸ್ಟ್ ಮಾಡಿಸಿ ಅಂದ್ರೆ, 'ಒಂದು ಗೀರು ತೋರಿಸು, ಆವತ್ತೇ ಬರ್ತೀನಿ' ಅಂದಿದಾರೆ. ಇಷ್ಟು ದಿನ ತೋರಿಸೋಕೆ ನನಗೇ ಧೈರ್ಯ ಇರ್ಲಿಲ್ಲ. ಭಾನುವಾರ ತೋರಿಸ್ತೀನಿ. ಅಲ್ಲೀವರೆಗೂ ಅನ್ವಿನ ನಾನೇ ಆಟೋದಲ್ಲಿ ಕರ್ಕೊಂಡು ಬರ್ತೀನಿ."

ಭಾನುವಾರ ಮಣೆ ಹಾಕಿಕೊಂಡು ಕೂತರು. ರಾಯರು ಪೇಪರ್ ಹಿಡಿದು ಮೆಟ್ಟಿಲ ಮೇಲಿದ್ದರು. ನಾನು ಪಕ್ಕದಲ್ಲೇ ನಿಂತೆ. ಎಡಗಡೆಯ ಮುಂದಿನ ಚಕ್ರ ಫಳಫಳ ಹೊಳೆಯುತ್ತಿತ್ತು. ಒಂದೇ ಒಂದು ಗೀರಿರಲಿಲ್ಲ.

ಸುಶೀಲಮ್ಮ ಹೆಬ್ಬೆರಳು ಸವರಿದರು. ಬಗ್ಗಿ ಬಿಸಿಲಿಗೆ ಓರೆಯಾಗಿ ನೋಡಿದರು.

"ರೀ, ಬನ್ನಿ ಇಲ್ಲಿ."

"ಏನು, ಗೀರಿದೆಯಾ?" ರಾಯರ ದನಿಯಲ್ಲಿ ಜಂಬವಿತ್ತು.

"ಇಲ್ಲ. ಆದ್ರೆ ಎಲ್ಲಾ ದುಂಡಗೆ ಉಜ್ಜಿದೆ. ಇದು ನನ್ನ ಕೈಯಲ್ಲ."

ರಾಯರು ಕೈಯನ್ನು ಪೇಪರಿನ ಹಿಂದೆ ಸರಿಸಿದರು. ಸುಶೀಲಮ್ಮ ಎದ್ದುಹೋಗಿ ಆ ಕೈ ಹಿಡಿದೆಳೆದರು. ಅವರ ಹೆಬ್ಬೆರಳೂ ಕಪ್ಪಾಗಿತ್ತು.

ಬೈಗುಳ ಶುರುವಾಗುತ್ತದೆಂದು ನಾನು ಕಾದೆ. ರಾಯರೇ ಬಾಯಿಬಿಟ್ಟರು: "ಉಪ್ಪುಕಾಗದದಲ್ಲಿ ಉಜ್ಜಿದೆ. ಗೀರು ಎಲ್ಲಿದೆ ಅಂತ ಕಾಣ್ಲಿಲ್ಲ ಕಣೇ. ಕೈಯಲ್ಲಿ ತಡವಿ ಹುಡುಕಿದೆ."

ಸುಶೀಲಮ್ಮ ಸೀರೆಯ ತುಂಡಿನಿಂದ ಅವರ ಬೆರಳನ್ನು ಒರೆಸಿದರು, ಬಿಡಿಸಲಾಗದ ಕಪ್ಪು ಎಂದು ತಿಳಿದೂ ಒರೆಸಿದರು. ರಾಯರು ಜೇಬಿನಿಂದ ಕೀ ತೆಗೆದು ಅವರ ಕೈಗಿಟ್ಟರು. "ಡಾಕ್ಟರ್ ಹತ್ರ ಆಟೋದಲ್ಲಿ ಹೋಗೋಣ," ಎಂದರು. ಪರೀಕ್ಷೆ ಮಾಡಿಸಿದಾಗ ಎಡಗಣ್ಣಿನ ದೃಷ್ಟಿ ಬಹುಪಾಲು ಹೋಗಿಯಾಗಿತ್ತು. ಉಳಿದ ಕಣ್ಣಿಗೆ ಔಷಧ ಶುರುವಾಯಿತು, ಕಾರು ನಿಂತಲ್ಲೇ ನಿಂತಿತು.

ಆಮೇಲೆ ನಾನು ಕೆಲಸ ಬದಲಿಸಿ ಗ್ರೇಟರ್ ನೋಯ್ಡಾಕ್ಕೆ ಹೋದೆ. ಹೋದ ಚಳಿಗಾಲದಲ್ಲಿ ಸುಶೀಲಮ್ಮ ತೀರಿಕೊಂಡರು. ಸುದ್ದಿ ತಡವಾಗಿ ತಿಳಿದು ಓಡಿದೆ. ಅದು ಭಾನುವಾರ. ರಾಯರು ಅದೇ ಮಣೆಯ ಮೇಲೆ ಕೂತು, ಎಲ್ಲಿಗೂ ಹೋಗದ ಕಾರಿನ ಚಕ್ರ ಉಜ್ಜುತ್ತಿದ್ದರು.

"ಉದ್ದಕ್ಕೇ ಬಂದಿದೆಯಾ ನೋಡು," ಎಂದರು, ಮುಖವೆತ್ತದೆ. "ದುಂಡಗೆ ಉಜ್ಜಿದ್ರೆ ಅವಳಿಗೆ ಗೊತ್ತಾಗುತ್ತೆ."

ಬಗ್ಗಿ ನೋಡಿದೆ. ಎಳೆ ಬಿಸಿಲಲ್ಲಿ ಚಕ್ರದ ತುಂಬ ದುಂಡು ದುಂಡು ಗುರುತುಗಳು.

"ಉದ್ದಕ್ಕೇ ಇದೆ ಅಂಕಲ್," ಎಂದೆ.