ಶೋಭಕ್ಕನ ವ್ಯಾನಿನ ಬಿಸಿನೀರು

ಇಪ್ಪತ್ತು ವರ್ಷದಿಂದ ಹೈದರಾಬಾದಿನ ಮನೆಗಳ ಗೀಸರ್ ಬಿಚ್ಚಿ ರಿಪೇರಿ ಮಾಡುತ್ತಿದ್ದೇನೆ. ವ್ಯಾನಿನೊಳಗಿನ ಗೀಸರ್ ಸಿಕ್ಕಿದ್ದು ಒಮ್ಮೆ ಮಾತ್ರ. ಹಾಸಿಗೆ, ಒಲೆ, ಸ್ನಾನದ ಗೂಡು ಎಲ್ಲ ಇದ್ದ ಆ ವ್ಯಾನು ಬೇಗಂಪೇಟೆಯ ಒಂದು ಅಪಾರ್ಟ್‌ಮೆಂಟಿನ ನೆರಳಿಗೆ ನಿಂತಿತ್ತು. ಅದರ ಒಡತಿ ಶೋಭಕ್ಕ ನಿವೃತ್ತ ಟೀಚರ್, ನಮ್ಮ ರಾಯಚೂರು ಕಡೆಯವರೇ.

ಇಲ್ಲಿಯ ಬೋರ್ ನೀರಿಗೆ ಎರಡೇ ವರ್ಷದಲ್ಲಿ ಗೀಸರ್ ಟ್ಯಾಂಕಿನೊಳಗೆ ಸುಣ್ಣ ಕಟ್ಟುತ್ತದೆ. ಬಕೆಟ್ ಇಟ್ಟು ಕೆಳಗಿನ ನಲ್ಲಿ ತಿರುಗಿಸಿದೆ. ಬಂದದ್ದು ತಿಳಿನೀರು. ಟ್ಯಾಂಕಿಗೆ ತುಕ್ಕು ಹಿಡಿಯದಂತೆ ಕಾಯುವ ರಾಡ್ ಬಿಚ್ಚಿ ನೋಡಿದೆ, ಅದೂ ಹೊಸದು.

"ಯಾವ ಮಿಸ್ತ್ರಿ ಕಡೆ ಮಾಡಸ್ತೀರಿ?" ಎಂದೆ. ಆ ಮಿಸ್ತ್ರಿಯ ಮೇಲೆ ಆಗಲೇ ಹೊಟ್ಟೆ ಉರಿಯುತ್ತಿತ್ತು.

"ನಾನೇ ಮಾಡ್ತೀನ್ರಿ. ಪ್ರವಾಸ ಮುಗದ ಮ್ಯಾಲೆ ಟ್ಯಾಂಕ್ ಖಾಲಿ ಮಾಡ್ತೀನಿ, ಮತ್ತ ಫಿಲ್ಟರ್ ನೀರೇ ತುಂಬಸ್ತೀನಿ. ವರ್ಷಕ್ಕೊಂದು ರಾಡ್ ಹಾಕ್ತೀನಿ."

"ಮತ್ತ ನನ್ನ ಯಾಕ ಕರದ್ರಿ?"

"ನಾ ಮಾಡಿದ್ದು ಸರಿ ಐತೋ ಇಲ್ಲೋ, ತಿಳಿದವರೊಬ್ಬರು ನೋಡ್ಲಿ ಅಂತ್ರಿ."

ಅರ್ಧ ತಾಸು ತಪ್ಪು ಹುಡುಕಿದೆ. ಕೊನೆಗೆ, "ರಾಡ್ ಭಾಳ ಬಿಗಿ ಮಾಡೀರಿ," ಎಂದೆ. ಅಷ್ಟೇನೂ ಬಿಗಿ ಇರಲಿಲ್ಲ. ಪಾಪ, ಆಕೆ ಅದನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು.

ಮಲ್ಕಾಜ್‌ಗಿರಿಯ ಮನೆಗೆ ಬಂದವನೇ, ಆರು ವರ್ಷದಿಂದ ಮುಟ್ಟದ ನಮ್ಮ ಗೀಸರ್ ಬಿಚ್ಚಿದೆ. ಹಳದಿ ನೀರು ಸುರಿಯಿತು. ರಾಡ್ ಇರಬೇಕಾದಲ್ಲಿ ಬರೀ ತಂತಿ ಉಳಿದಿತ್ತು. ಹೆಂಡತಿ ಬಾಗಿಲಲ್ಲಿ ನಿಂತು ನೋಡಿದಳು.

"ಯಾರರ ಚಲೋ ಮಿಸ್ತ್ರಿ ಗೊತ್ತದಾರೇನ್ರಿ ನಿಮಗ?"

ಶೋಭಕ್ಕನ ನಂಬರ್ ಜೇಬಿನಲ್ಲೇ ಇತ್ತು. ಕೊಡಲಿಲ್ಲ.